ಸಫ್ರಾಝ್ ಕೈಯಲ್ಲಿ ಮಾತ್ರೆ ಕಳಿಸಬೇಡಿ

ಕಾಪು
17 ಜೂನ್ 2003

ಪ್ರೀತಿಯ ಜಮಾಲುದ್ದೀನ್‌ರಿಗೆ ಹಫೀಝಾಳ ಸಲಾಂ.

ಫೋನಿನಲ್ಲಿ ಹೇಳಲಾಗದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಉಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ನೀವು ಫೋನ್ ಕಾರ್ಡು ಮುಗಿಯುತ್ತದೆ ಎಂದು ಅವಸರ ಮಾಡುತ್ತೀರಿ.

ಸಫ್ರಾಝ್ ಅಲ್ಲಿಂದ ರಜೆಯಲ್ಲಿ ಊರಿಗೆ ಬರುವಾಗ ಅವನ ಕೈಯಲ್ಲಿ ತಲೆನೋವಿನ ಮಾತ್ರೆ ಕಳಿಸಬೇಡಿ. ಖರ್ಜೂರ ಕಳಿಸಿ, ಮಗಳು ಸನಾಳಿಗೆ ಬಣ್ಣದ ಪೆನ್ಸಿಲ್ ಕಳಿಸಿ. ಮಾತ್ರೆ ಬೇಡ.

ನಿಮಗೆ ಹೇಳದೆ ಮಣಿಪಾಲಕ್ಕೆ ಹೋಗಿ ಬಂದೆ. ಪಕ್ಕದ ಮನೆಯ ಲೊರ್ನಾ ಟೀಚರ್ ಜೊತೆಗಿದ್ದರು. ತಿಂಗಳಿಗೆ ಎಷ್ಟು ದಿನ ನೋವು ಎಂದು ಡಾಕ್ಟರಮ್ಮ ಕೇಳಿದರು. ಇಪ್ಪತ್ತು ಎಂದೆ. ಎಷ್ಟು ಮಾತ್ರೆ ಎಂದರು. ದಿನಕ್ಕೆ ಮೂರು, ಕೆಲವೊಮ್ಮೆ ನಾಲ್ಕು, ಗಲ್ಫಿನ ಒಳ್ಳೆಯ ಮಾತ್ರೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮೈಗ್ರೇನ್ ಅಂತೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಹೊಸದಾಗಿ ಶುರುವಾದ್ದರಿಂದ ಸ್ಕ್ಯಾನ್ ಮಾಡಿಸಿದರು, ತಲೆಯೊಳಗೆ ಬೇರೆ ಏನೂ ಇಲ್ಲ. ಆದರೆ ತಿಂಗಳಿಗೆರಡು ಸಲ ಬರುತ್ತಿದ್ದದ್ದು ಹೆಚ್ಚುಕಡಿಮೆ ದಿನಾ ಬರುವ ಹಾಗೆ ಆದದ್ದು ಆ ಮಾತ್ರೆಗಳಿಂದಲೇ. ನೀವು ಪ್ರೀತಿಯಿಂದ ಕಳಿಸಿದಿರಿ, ನಾನು ಪ್ರೀತಿಯಿಂದ ನುಂಗಿದೆ. ಬಿ.ಕಾಂ. ಓದಿದವಳು, ಡಬ್ಬಿಯ ಹಿಂದೆ ಬರೆದದ್ದನ್ನು ಒಮ್ಮೆಯೂ ಓದಲಿಲ್ಲ.

ಈಗ ಅದು ಪೂರ್ತಿ ಬಂದ್. ಬದಲಿಗೆ ಮಲಗುವಾಗ ಬೇರೆ ಒಂದು ಮಾತ್ರೆ, ಆರು ತಿಂಗಳು. ಮೊದಲ ಎರಡು ವಾರ ನೋವು ಹೆಚ್ಚಾದೀತು ಎಂದಿದ್ದರು. ಹೆಚ್ಚಾಗಿದೆ. ಇವತ್ತು ಒಂಬತ್ತನೆಯ ದಿನ. ಬೆಳಕು ಕಣ್ಣಿಗೆ ಚುಚ್ಚುತ್ತದೆ, ನಿದ್ದೆ ಇಲ್ಲ. ಎಂತ ಡಾಕ್ಟರು ಮಾರಾಯ್ತಿ, ಇದ್ದ ಮದ್ದನ್ನೂ ಕಿತ್ತುಕೊಂಡು ಕಳಿಸಿದ್ದಾರೆ, ನಾವು ಎಂಟು ಹೆತ್ತವರು, ನಮಗೆ ತಲೆ ಇರಲಿಲ್ವಾ ಎಂದರು ಉಮ್ಮ. ಇತ್ತು, ಯಾರೂ ಕೇಳಲಿಲ್ಲ ಅಷ್ಟೇ ಎಂದೆ. ಅವತ್ತಿನಿಂದ ಮಾತು ಕಡಿಮೆ. ಅವರು ಮಂತ್ರಿಸಿ ತಂದ ನೂಲನ್ನು ಕಟ್ಟಿಕೊಂಡಿದ್ದೇನೆ, ಬಿಚ್ಚಿಲ್ಲ. ಆದರೆ ಆ ಡಬ್ಬಿಯನ್ನು ಮುಟ್ಟುವುದಿಲ್ಲ.

ಮನೆಯಲ್ಲಿ ಕೂತವಳಿಗೆ ಎಂತ ಟೆನ್ಷನ್ ಎಂದು ಕಳೆದ ಸಲ ನಕ್ಕಿರಿ. ನಗಿ. ಜುಲೈ ಏಳಕ್ಕೆ ಮತ್ತೆ ಬರಲು ಹೇಳಿದ್ದಾರೆ. ನೀವು ಬೇಡ ಎಂದರೂ ಹೋಗುತ್ತೇನೆ. ಬೇಡ ಎನ್ನಬೇಡಿ.

ನಿಮ್ಮ ಮೇಲೆ ಸಿಟ್ಟೂ ಪ್ರೀತಿಯೂ ಉಂಟು,
ಹಫೀಝಾ

ತಾ.ಕ.: ಸನಾಳ ಗದ್ದಕ್ಕೆ ಹೊಲಿಗೆ ಹಾಕಿದ್ದು ಆಟದಲ್ಲಿ ಬಿದ್ದದ್ದರಿಂದ ಎಂದಿದ್ದೆನಲ್ಲ, ಅದು ಸುಳ್ಳು. ಶಾಲೆಯಿಂದ ಕರೆತರುವಾಗ ಹೈವೇ ದಾಟುತ್ತಿದ್ದೆವು. ತಲೆನೋವು ಏಳುತ್ತಿತ್ತು, ನನಗೆ ಬಲಗಡೆಯ ರಸ್ತೆಯೇ ಕಾಣಿಸಲಿಲ್ಲ, ಬರೀ ಮಿನುಗುವ ಗೆರೆಗಳು. ಬಸ್ಸು ಬರುವುದನ್ನು ಕಂಡು ಅವಳೇ ನನ್ನನ್ನು ಹಿಂದಕ್ಕೆ ಎಳೆದು ಬಿದ್ದಳು. ಬಸ್ಸಿನ ಡ್ರೈವರ್ ಬೈಯಲಿಲ್ಲ. ಇಳಿದು ಬಂದು ನೀರು ಕೊಟ್ಟ.