ಶಿಖರದ ಹಿಂದೆ ಸರಿದ ಸೂರ್ಯ

ಸಂಕೇಶ್ವರ
ಸೆಪ್ಟೆಂಬರ್ ೨೦೦೪

ಶ್ರದ್ಧಾಳ ಅಪ್ಪನಿಗೆ,

‘ಬೆಳ್ಳಿಬೆಟ್ಟವ ಕಂಡ ಕಣ್ಣಿಗೆ ಹಸಿವೆಲ್ಲಿ...’ ಮುಂದಿನ ಸಾಲು ನೆನಪಾಗುತ್ತಿಲ್ಲ. ಎಂ.ಎ. ದಿನಗಳಲ್ಲಿ ಎಲ್ಲೋ ಓದಿದ್ದು. ನೀವು ಕೈಲಾಸಕ್ಕೆ ಹೊರಡುವ ಮುನ್ನಾದಿನ, ನಾನು ನಿಮ್ಮ ಚೀಲಕ್ಕೆ ಶೇಂಗಾ ಹೋಳಿಗೆ ತುಂಬುತ್ತ ಅದನ್ನು ಹೇಳಿದಾಗ ನಕ್ಕಿದ್ದಿರಿ. “ಆ ಕವಿ ಹೊಟ್ಟಿ ತುಂಬ ಉಂಡು ಬರೆದಿರಬೇಕು ನೋಡು!” ಖರೆ. ಅಲ್ಲಿ ಹಸಿವಿಲ್ಲವೆಂದು ಆ ಕವಿಗೆ ಹೇಳಿದವರಾರು?

ಮೊದಲ ತೀರ್ಥಂಕರ ಆದಿನಾಥರು ಮೋಕ್ಷ ಪಡೆದ ಅಷ್ಟಾಪದ ಈ ಕೈಲಾಸವೇ ಎಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವರು ನೀವು. ಒಮ್ಮೆ ಕಣ್ಣಾರೆ ನೋಡಬೇಕೆಂಬುದಷ್ಟೇ ನಿಮ್ಮ ಆಸೆ. ನೋಡಿದಿರಂತೆ. ನಿಮ್ಮ ಜೊತೆ ಬಂದಿದ್ದ ಗೆಳೆಯ, ಮೂಡಲಗಿಯ ಗೊಮ್ಮಟೇಶ ಅವರು ನಿಮ್ಮ ಚೀಲ ಹೊತ್ತು ತಂದು, ಪಡಸಾಲೆಯಲ್ಲಿ ಕುಳಿತು ಹೇಳಿದರು. ಒಂದು ಗಿಡವಿಲ್ಲದ ಕಂದು ಕಲ್ಲಿನ ಬಯಲು, ದೂರದಲ್ಲಿ ಓಡುವ ಕಾಡುಕತ್ತೆಗಳ ಹಿಂಡು, ಆಡಿದ ಮಾತನ್ನು ಬಾಯಿಂದಲೇ ಕಿತ್ತೊಯ್ಯುವ ಗಾಳಿ. ಕಣಿವೆ ತಿರುಗುತ್ತಲೇ ಎದುರಿಗೆ ಆ ಶಿಖರ, ಅದರ ಮೈಗಂಟಿದ ಹಿಮನದಿ. ನೀವು ಕೈಮುಗಿದು ಅಳುತ್ತ ನಿಂತುಬಿಟ್ಟಿರಂತೆ.

ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟದ ವ್ರತ ನಿಮ್ಮದು. ಇಲ್ಲಿ ಅದು ಸುಲಭ. ಕಬ್ಬಿನ ಹೊಲದಾಚೆ ನೆಲ ಮುಟ್ಟುವವರೆಗೂ ಸೂರ್ಯ ಕಾಣುತ್ತಾನೆ. ಅಲ್ಲಿ ಮಧ್ಯಾಹ್ನ ಇಳಿಯುತ್ತಲೇ ಅವನು ಬೆಟ್ಟದ ಹಿಂದೆ ಸರಿಯುತ್ತಿದ್ದ. ಬೆಳಗಾಗುತ್ತಲೇ ನಡಿಗೆ, ಬುತ್ತಿಯ ಚೀಲಗಳು ಮುಂದೆ ಹೋದ ಚಮರೀಮೃಗಗಳ ಬೆನ್ನ ಮೇಲೆ; ಡೇರೆ ಸೇರಿ ಒಲೆ ಹೊತ್ತಿಸುವಷ್ಟರಲ್ಲಿ ನೀವು ಬಾಯಿ ಮುಚ್ಚಿರುತ್ತಿದ್ದಿರಿ.

“ಮುಳಗಿಲ್ಲೋ ಮಾರಾಯಾ, ಗುಡ್ಡದ ಹಿಂದ ಹೋಗ್ಯಾನ. ಇನ್ನೂ ಹೊತ್ತೈತಿ, ಉಣ್ಣು,” ಎಂದು ಗೊಮ್ಮಟೇಶ ಅವರು ಬೇಡಿಕೊಂಡರಂತೆ.

“ನನ್ನ ಕಣ್ಣಿಗೆ ಕಾಣವಲ್ಲ. ಹೆಂಗ ಉಣ್ಣಲಿ?” ಎಂದಿರಂತೆ.

ದಿನವೂ ಇದೇ. ಕೊನೆಗೆ ಹಿಮದ ಏರಿನಲ್ಲಿ ಬಂಡೆಯೊಂದಕ್ಕೆ ಒರಗಿ ಕೂತವರು ಏಳಲಿಲ್ಲ. ಸುಡಲು ಕಟ್ಟಿಗೆಯೂ ಇಲ್ಲದ ಸೀಮೆ. ಜೊತೆಯವರು ಕಲ್ಲು ಪೇರಿಸಿ ಮುಚ್ಚಿ ಬಂದರು. ಹೋಳಿಗೆಗಳು ಮಾತ್ರ ಚೀಲದಲ್ಲಿ ಮನೆಗೆ ಮರಳಿದವು.

ಈಗ ನಮ್ಮ ಬಸದಿಯ ಹಿರಿಯರು ನಿಮ್ಮ ಹೆಸರಿನಲ್ಲಿ ಕಲ್ಲು ಕೆತ್ತಿಸಿದ್ದಾರೆ. ‘ಅಷ್ಟಾಪದದಲ್ಲಿ ಅನ್ನ ನೀರು ತೊರೆದು ಸಮಾಧಿ ಮರಣ ಪಡೆದ ಪುಣ್ಯಾತ್ಮ’ ಎಂದು. ನಾಳೆ ಅದನ್ನು ನಿಲ್ಲಿಸುತ್ತಾರೆ. ಮೊದಲ ಹೂವನ್ನು ನಾನೇ ಇಡಬೇಕಂತೆ. “ಇಂಥಾ ಸಾವು ಯಾರಿಗೆ ಸಿಗತೈತ್ರಿ ವೈನಿ,” ಎನ್ನುತ್ತಾರೆ. ನೀವು ಸಾಯಲು ಹೋದವರಲ್ಲ. ಮರಳಿ ಬಂದು ಬಾವಿಗೆ ಹೊಸ ಪಂಪು ಕೂರಿಸುವುದಿತ್ತು. ನಿಮಗೆ ಹಸಿವಾಗಿತ್ತು. ಹೂ ಇಟ್ಟರೆ ಆ ಹಸಿವು ಸುಳ್ಳಾಗುತ್ತದೆ. ಹುಕ್ಕೇರಿಯ ಕಾಲೇಜಿನಲ್ಲಿ ನಾನು ಇಷ್ಟು ವರ್ಷ ಪಾಠ ಹೇಳಿದ ಕವಿತೆಗಳಲ್ಲಿ ಒಂದೂ ನೆರವಿಗೆ ಬರುತ್ತಿಲ್ಲ.

ನಾನು ಹೋಗುವುದಿಲ್ಲ. ಹೋಗದೆ ಉಳಿದರೂ ನೀವೇನೂ ಬರುವುದಿಲ್ಲ. ಬೆಳಗಿನಿಂದ ಒಲೆ ಹಚ್ಚಿಲ್ಲ. ತುತ್ತು ಎತ್ತಿದರೆ ನಿಮ್ಮ ಒಣಗಿದ ತುಟಿ ಕಣ್ಣೆದುರು ಬರುತ್ತದೆ.

ನೀವಿರುವಲ್ಲಿ ಬೆಟ್ಟಗಳಿಲ್ಲದಿರಲಿ. ಸಂಜೆ ತಡವಾಗಿ ಬರಲಿ.

ನಿಮ್ಮ,
ಸರಿತಾ

ಹೆಸರು ಬರೆದು ತಲೆ ಎತ್ತಿದರೆ ಬಾಗಿಲಲ್ಲಿ ಬಾಜೂ ಮನೆಯ ಕರೆವ್ವ ನಿಂತಿದ್ದಾಳೆ. ಕುರಿಗಳನ್ನು ದೊಡ್ಡಿಗೆ ಹೊಡೆದು ನೇರ ಬಂದಿರಬೇಕು, ಕೋಲು ಇನ್ನೂ ಕೈಯಲ್ಲೇ ಇದೆ. ಪಡುವಣಕ್ಕೊಮ್ಮೆ ನೋಡಿ ಹೇಳಿದಳು: “ಅಕ್ಕೋರ, ನಿಮ್ಮ ಮನ್ಯಾಗ ಒಗ್ಗರಣಿ ವಾಸನೀನ ಬರವಲ್ದಲ್ರಿ. ಏಳ್ರಿ, ಇನ್ನೂ ಹೊತ್ತೈತಿ. ಒಂದ ತುತ್ತರ ಉಣ್ರಿ.”