ಕೆಂಪಾದ ಬಿಳಿ ನೂಲು

೧೪ ನವೆಂಬರ್, ಶುಕ್ರವಾರ. ದೊಡ್ಡಬಳ್ಳಾಪುರ.

ಅಬ್ಬಾ, ಇವತ್ತು ಎಷ್ಟು ಖುಷಿ! ವಾರದಿಂದ ಸೀರೆ ಬಾರ್ಡರ್ ಡಿಸೈನ್ ಬಿಡಿಸೋಕೆ ಕೂತ್ರೆ ಸಾಕು, ಕಂಪ್ಯೂಟರ್ ಬಿಸಿಯಾಗಿ ತಾನೇ ಆಫ್ ಆಗ್ತಿತ್ತು. ಬಿಚ್ಚಿ ನೋಡಿದ್ರೆ ತಂಪು ಮಾಡೋ ನೀರಿನ ಪೈಪುಗಳ ತುಂಬ ಪಾಚಿ. ಥೂ, ನನ್ನ ಸೋಮಾರಿತನವೇ!

ಇವತ್ತು ಎಲ್ಲಾ ತೊಳೆದು ಹೊಸ ಪೈಪು ಹಾಕಿ, ತಂಪು ಮಾಡೋ ಕೆಂಪು ನೀರು, ಅದೇ ಕೂಲೆಂಟ್, ತುಂಬಿಸಿದೆ. ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲೆ ಒಂದು ಹನಿ ಸೋರಿದ್ರೂ ಕಥೆ ಮುಗೀತು. ಅದಕ್ಕೇ ಮಗ್ಗದ ಕೋಣೆಯಿಂದ ಬಿಳಿ ನೂಲು ತಂದು ಒಂದೊಂದು ಜಾಯಿಂಟಿಗೂ ಸುತ್ತಿದೆ. ಸೋರಿದ್ರೆ ನೂಲು ಬಣ್ಣ ಹೀರ್ಕೊಳ್ಳುತ್ತೆ, ಕಣ್ಣಿಗೆ ಬೀಳುತ್ತೆ. ಕಂಪ್ಯೂಟರ್ ಆನ್ ಮಾಡದೆ, ಕೂಲೆಂಟ್ ತಿರುಗಿಸೋ ಪಂಪ್ ಮಾತ್ರ ಓಡಿಸಿ, ಟೀ ಕುಡಿಯೋಕೆ ಹೋದೆ.

ವಾಪಸ್ ಬಂದ್ರೆ ಒಂದು ನೂಲು ಕೆಂಪಗಿದೆ! ಸೋರಿಬಿಡ್ತಾ? ಪಂಪ್ ನಿಲ್ಲಿಸಿ ಮುಟ್ಟಿದೆ. ತೇವವೇ ಇಲ್ಲ. ಬೆರಳಿಗೆ ಪುಡಿ ಹತ್ತಿತು. ಕುಂಕುಮ!

"ಅಮ್ಮಾ, ಇದಕ್ಯಾಕೆ ಕುಂಕುಮ ಇಟ್ಟೆ?"

"ಶುಕ್ರವಾರ ಅಲ್ವೇನೇ? ನಾಲ್ಕು ಮಗ್ಗಕ್ಕೂ ಇಟ್ಟು ಬಂದೆ. ಇದೂ ಮೈತುಂಬ ನೂಲು ಸುತ್ಕೊಂಡು ಕೂತಿತ್ತು, ಇದನ್ನ ಹೆಂಗೆ ಬಿಡ್ಲಿ?"

ನಗು ತಡೆಯೋಕಾಗ್ಲಿಲ್ಲ. ಆ ಎಳೆ ಬಿಚ್ಚೋಕೂ ಮನಸ್ಸಾಗ್ಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಬಿಳಿ ಎಳೆ ಸುತ್ತಿ, ಪಂಪ್ ಮತ್ತೆ ಓಡಿಸಿ ಕಾದೆ. ಅದು ಬೆಳ್ಳಗೇ ಉಳೀತು. ಆಮೇಲೆ ಕಂಪ್ಯೂಟರ್ ಆನ್ ಮಾಡ್ದೆ.

ಬಾರ್ಡರಿನ ನವಿಲು ಪೂರ್ತಿ ಬಂತು, ಗರಿ ಸಮೇತ! ಊಟ ಆಗಿ ಎಷ್ಟು ಹೊತ್ತಾಯ್ತು, ಒಂದು ಸಲವೂ ನಿಲ್ಲದೆ ಓಡ್ತಾನೇ ಇದೆ, ನಮ್ಮನೆ ಐದನೇ ಮಗ್ಗ.