ಹೊನ್ನಿಯ ಗಂಜಿಗೆ ಉಪ್ಪು

ಅಘನಾಶಿನಿ ಅಳಿವೆಯ ದಂಡೆ,
೩೦ ಫೆಬ್ರುವರಿ ೨೧೯೧

ನೂರಾರು ವರ್ಷ ಹಿಂದಿನ ಹಿರಿಯರಿಗೆ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ಲೆಕ್ಕ ಸುಲಭವಾಗಲೆಂದು ಒಕ್ಕೂಟ ಎಲ್ಲ ತಿಂಗಳಿಗೂ ಮೂವತ್ತೇ ದಿನ ಗೊತ್ತುಮಾಡಿದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಇಂಥದೊಂದು ಕೂಟ ಕಟ್ಟುವ ಯೋಚನೆ ನಿಮ್ಮಲ್ಲಿ ಈಗಷ್ಟೇ ಮೊಳೆಯುತ್ತಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಒಮಾನದಿಂದ ಶ್ರೀಲಂಕೆಯವರೆಗಿನ ಕರಾವಳಿ ಸೀಮೆಗಳು ಸೇರಿ ಮಾಡಿಕೊಂಡದ್ದು ಪಡುಗಡಲ ಒಕ್ಕೂಟ. ಪ್ರತಿ ಸೀಮೆಯೂ ತನ್ನ ತೆರಿಗೆಯ ಒಂದು ಪಾಲನ್ನು ಕೂಡುಗಂಟಿಗೆ, ಅಂದರೆ ಎಲ್ಲರಿಗೂ ಸೇರಿದ ಹುಂಡಿಗೆ, ಹಾಕುತ್ತದೆ. ಉಳ್ಳವರದು ಹೆಚ್ಚು, ನಮ್ಮಂಥವರದು ಕಡಿಮೆ. ನಾವು ಹಾಕಿದ್ದಕ್ಕಿಂತ ಪಡೆದದ್ದೇ ಹೆಚ್ಚು, ಸುಳ್ಳು ಹೇಳಲಾರೆ. ಒಮಾನದ ಸಲಾಲಾದಲ್ಲಿ ದುಡಿಯಲು ನಮ್ಮವರು ಯಾರ ಅನುಮತಿಯನ್ನೂ ಕೇಳಬೇಕಿರಲಿಲ್ಲ. ಕಡಲು ದಾಟಿ ಬರುವ ಔಷಧಿಗೆ ಸುಂಕವಿರಲಿಲ್ಲ. ಊರಿಗೆ ನೆತ್ತರುತೊಳೆಯ ಆಸ್ಪತ್ರೆ ಬಂತು. ನೀವು ಡಯಾಲಿಸಿಸ್ ಎನ್ನುವುದು ಅದನ್ನೇ. ನನ್ನ ತಂಗಿ ಹೊನ್ನಿ ಏಳು ವರ್ಷದಿಂದ ಬದುಕಿರುವುದು ಅದರಿಂದ. ಆದರೆ ಆ ಆಸ್ಪತ್ರೆ ನಿಂತಿರುವುದು ಅವಳು ಹರೆಯದಲ್ಲಿ ದುಡಿದ ಉಪ್ಪಿನ ಆಗರವನ್ನು ಮುಚ್ಚಿದ ನೆಲದ ಮೇಲೆ. ನಮ್ಮ ಬೂದು ಉಪ್ಪು ಒಕ್ಕೂಟ ಒಪ್ಪುವಷ್ಟು ಬೆಳ್ಳಗಿರಲಿಲ್ಲ. ಕೊಡುವುದು ಕಡಿಮೆಯಾದ್ದರಿಂದ ನಮ್ಮ ಮಾತಿಗೂ ಬೆಲೆ ಕಡಿಮೆ. ಮಳೆನೀರನ್ನು ಕಡಲಿಗೆ ಬಿಡಲು ಅಳಿವೆಯ ತೂಬಿನ ಹಲಗೆ ಎತ್ತಲೂ ಕಡಲಾಚೆಯ ಕಚೇರಿಯ ಅಪ್ಪಣೆ ಬೇಕು. ಕಳೆದ ಮಳೆಗಾಲ ಅಪ್ಪಣೆ ಬರುವಷ್ಟರಲ್ಲಿ ನೆರೆನೀರು ಕೇರಿಯೊಳಗೆ ನುಗ್ಗಿ, ಪಕ್ಕದ ಮನೆಯ ಬಾಣಂತಿ ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಳು.

ಒಕ್ಕೂಟ ಬಿಡಬೇಕೇ ಎಂದು ಸೀಮೆಯ ಮತ ಕೇಳಿದಾಗ, ಬಿಡೋಣ ಎಂದು ಮನೆಮನೆಗೆ ಹೋದವಳು ಹೊನ್ನಿಯೇ. ಬಿಟ್ಟರೆ ಆಸ್ಪತ್ರೆ ನಮ್ಮವರ ಪಾಲಿಗೆ ಮುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು.

"ತಲೆ ಕೆಟ್ಟಿದ್ಯೇನೇ? ಆ ಮಂಚ ಬಿಟ್ರೆ ನಿಂಗೆ ಯಾವ ಗತಿ?" ಎಂದು ಕೂಗಾಡಿದೆ.

"ಮಂಚದ ಮೇಲೆ ಮಲಗೋಳು ನಾನು, ಕಿರುಚೋಳು ನೀನಾ ಅಕ್ಕಾ?" ಎಂದಳು. "ನಾನೊಬ್ಳು ಉಸಿರಾಡ್ಬೇಕು ಅಂತ ಕೇರಿಯೆಲ್ಲ ನೀರಲ್ಲಿ ನಿಲ್ಬೇಕಾ? ನೀ ಬೇಕಾದ್ರೆ ಇರೂಕೇ ಮತ ಹಾಕು. ನಾ ಮುನಿಸ್ಕಂಬುದಿಲ್ಲ."

ಹಾಕಿದೆ. ಅವಳು ಗೆದ್ದಳು.

ನಾಳೆಯಿಂದ ನಾವು ಒಕ್ಕೂಟದಲ್ಲಿಲ್ಲ; ಇವತ್ತು ಅವಳ ಕೊನೆಯ ನೆತ್ತರುತೊಳೆ ಮುಗಿಯಿತು. ಸೂಜಿ ತೆಗೆದ ದಾದಿ, ಕೊಚ್ಚಿಯ ಹುಡುಗಿ, ಮುಂದಿನ ಸಲದ ತಾರೀಕನ್ನು ಚೀಟಿಯಲ್ಲಿ ಅರ್ಧ ಬರೆದು ಅಳಿಸಿದಳು. "ಎಂತಕ್ಕೆ ಅಳಿಸ್ದೆ ಮಗಾ? ನಿನ್ನ ಮದುವೆಗೆ ಕರಿ, ಬತ್ತೆ," ಎಂದು ಹೊನ್ನಿಯೇ ಅವಳನ್ನು ನಗಿಸಲು ನೋಡಿದಳು.

ಕೂಟ ಕಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಕಟ್ಟುವಾಗ, ಬಿಟ್ಟುಹೋಗುವವರ ರೋಗಿಗಳನ್ನು ಮಂಚದಿಂದ ಎಬ್ಬಿಸಬಾರದು ಎಂದು ಕರಾರಿನಲ್ಲಿ ಒಂದು ಸಾಲು ಬರೆಯಿರಿ. ಸೇರುವ ಸಂಭ್ರಮದಲ್ಲಿ ನಮ್ಮವರು ಯಾರೂ ಅದನ್ನು ಬರೆಯಲಿಲ್ಲ.

ಒಳಗಿನಿಂದ ಹೊನ್ನಿ ಕರೆಯುತ್ತಿದ್ದಾಳೆ. ಗೆದ್ದ ಖುಷಿಗೆ ಯಾರೋ ಹಳೆಯ ಆಗರದ ಅಂಚಿನಿಂದ ಬೂದು ಉಪ್ಪು ಕೆರೆದು ತಂದುಕೊಟ್ಟಿದ್ದಾರೆ, ಗಂಜಿಗೆ ಬೇಕಂತೆ. ಮೂತ್ರಪಿಂಡ ಸೋತವಳಿಗೆ ಉಪ್ಪು ವಿಷವೆಂದು ಇಷ್ಟು ವರ್ಷ ಅವಳ ನಾಲಗೆಗೆ ಅದು ತಾಗದಂತೆ ಕಾದವಳು ನಾನು. ಇವತ್ತು ಹಾಕುತ್ತೇನೆ.